ಕೊಡಗಿನ ತೋಟದ ಮನೆಗೆ ಪಾರ್ಸೆಲ್ ಸರಿಯಾಗಿ ತಲುಪಬೇಕಾದರೆ

ಬೆಂಗಳೂರಿನಿಂದ ಹೊರಟ ಪಾರ್ಸೆಲ್ ಕುಶಾಲನಗರಕ್ಕೋ ಮಡಿಕೇರಿಗೋ ಬರುವ ತನಕ ಹೆಚ್ಚಿನ ತೊಂದರೆ ಇರುವುದಿಲ್ಲ. ಸಿಕ್ಕಿಹಾಕಿಕೊಳ್ಳುವುದು ಅಲ್ಲಿಂದಾಚೆ, ಪೇಟೆಯಿಂದ ತೋಟದ ಗೇಟಿನವರೆಗಿನ ಹತ್ತು-ಹದಿನೈದು ಕಿಲೋಮೀಟರಿನಲ್ಲಿ. ಜಿಲ್ಲೆಗೆ ರೈಲಿಲ್ಲ, ಎಲ್ಲವೂ ರಸ್ತೆಯಲ್ಲೇ ಬರಬೇಕು. ಮನೆಗಳಿಗೆ ಡೋರ್ ನಂಬರ್ ಇದ್ದರೂ ಅದನ್ನು ನೋಡಿ ಮನೆ ಹುಡುಕುವವರು ಯಾರೂ ಇಲ್ಲ. ವಿಳಾಸ, ಫೋನ್, ಪ್ಯಾಕಿಂಗ್ ಈ ಮೂರನ್ನೂ ಆ ಕೊನೆಯ ದಾರಿಗೆ ತಕ್ಕಂತೆ ಮಾಡಿಕೊಂಡರೆ ಮುಕ್ಕಾಲು ತಕರಾರು ಹುಟ್ಟುವುದೇ ಇಲ್ಲ.

ವಿಳಾಸ ಬರೆಯುವ ಕ್ರಮ

ಮನೆಹೆಸರೊಂದೇ ಸಾಲದು. ಒಂದೇ ಒಕ್ಕದ (ಕೊಡವ ಕುಲದ) ನಾಲ್ಕಾರು ಮನೆಗಳು ಒಂದೇ ಊರಿನಲ್ಲಿರುತ್ತವೆ, ಅವುಗಳಲ್ಲಿ ಒಂದೇ ಹೆಸರಿನವರು ಇಬ್ಬರಾದರೂ ಸಿಗುತ್ತಾರೆ. ಇನಿಷಿಯಲ್ ನೋಡಿ ಗುರುತಿಸುವಷ್ಟು ಪುರುಸೊತ್ತು ಡೆಲಿವರಿಯವರಿಗಿಲ್ಲ. ಹಾಗಾಗಿ ಮೊದಲ ಸಾಲಿನಲ್ಲಿ ಪೂರ್ತಿ ಹೆಸರು, ಮನೆಹೆಸರು, ಜೊತೆಗೆ ತಂದೆಯ ಅಥವಾ ಗಂಡನ ಹೆಸರು ಬರೆಯಿರಿ. ಎರಡನೇ ಸಾಲಿನಲ್ಲಿ ತೋಟದ ಹೆಸರು ಮತ್ತು ಯಾವ ಗೇಟು ಎಂಬುದು. ಲೈನ್‌ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಇರುವವರಾದರೆ ‘ಕೇರ್ ಆಫ್’ ಹಾಕಿ ತೋಟದ ರೈಟರ (ಲೆಕ್ಕ ಬರೆಯುವವರ) ಹೆಸರನ್ನೋ ಆಫೀಸನ್ನೋ ಸೇರಿಸಿ. ದೊಡ್ಡ ತೋಟಗಳ ಟಪ್ಪಾಲು ಹೇಗಿದ್ದರೂ ಮೊದಲು ಆಫೀಸಿಗೇ ಹೋಗುತ್ತದೆ. ಮೂರನೇ ಸಾಲು ದಾರಿಯ ಗುರುತಿಗೆ: ‘ಬಸ್ ತಂಗುದಾಣದಿಂದ 600 ಮೀಟರ್ ಮೇಲೆ, ಎಡಕ್ಕೆ, ಅಂಗನವಾಡಿ ಎದುರು’ ಎಂಬಂತೆ. ‘ದೇವಸ್ಥಾನದ ಹತ್ತಿರ’ ಎಂದರೆ ಪ್ರಯೋಜನವಿಲ್ಲ, ಕೊಡಗಿನ ಒಂದೊಂದು ಊರಿನಲ್ಲೂ ಮೂರು-ನಾಲ್ಕು ದೇವಸ್ಥಾನಗಳಿವೆ.

ನಾಲ್ಕನೇ ಸಾಲಿನಲ್ಲಿ ಊರಿನ ಹೆಸರಿನ ಜೊತೆಗೆ ಅಂಚೆ ಕಚೇರಿಯ ಹೆಸರೂ ಇರಲಿ. ಇವೆರಡೂ ಬೇರೆ ಬೇರೆ ಆಗಿರುವುದೇ ಹೆಚ್ಚು. ಊರಿನ ಬ್ರಾಂಚ್ ಆಫೀಸ್ (ಹಳ್ಳಿಯ ಚಿಕ್ಕ ಅಂಚೆ ಕಚೇರಿ) ಯಾವುದು, ಅದು ಯಾವ ಸಬ್ ಆಫೀಸಿಗೆ (ಅದರ ಮೇಲಿನ ಕಚೇರಿಗೆ) ಸೇರಿದ್ದು ಎಂದು ಒಮ್ಮೆ ಕೇಳಿಟ್ಟುಕೊಳ್ಳಿ. ಪಿನ್ ಕೋಡ್ ಬರೆಯುವಾಗ ‘ಮಡಿಕೇರಿ ಹತ್ತಿರ ತಾನೇ’ ಎಂದು 571201 ಹಾಕುವ ಅಭ್ಯಾಸ ಬಹಳ ಮಂದಿಗಿದೆ. ನಾಪೋಕ್ಲು ಕಡೆಯವರದ್ದು 571214, ವಿರಾಜಪೇಟೆ 571218, ಗೋಣಿಕೊಪ್ಪ 571213, ಪೊನ್ನಂಪೇಟೆ 571216, ಕುಶಾಲನಗರ 571234, ಸೋಮವಾರಪೇಟೆ 571236. ಪಿನ್ ತಪ್ಪಿದ ಪಾರ್ಸೆಲ್ ಮೊದಲು ತಪ್ಪು ಕಚೇರಿಗೆ ಹೋಗಿ, ಅಲ್ಲಿ ‘ಮಿಸ್‌ಸೆಂಟ್’ ಎನಿಸಿಕೊಂಡು, ಮತ್ತೆ ಚೀಲ ಸೇರಿ ಬರಬೇಕು.

ಸಿದ್ದಾಪುರದವರು ಇನ್ನೂ ಹುಷಾರಾಗಿರಬೇಕು. ನಮ್ಮದು 571253. ಉತ್ತರ ಕನ್ನಡದಲ್ಲೂ ಒಂದು ಸಿದ್ದಾಪುರವಿದೆ, ಅದರ ಪಿನ್ 581355. ಉಡುಪಿ ಜಿಲ್ಲೆಯಲ್ಲಿ ಮತ್ತೊಂದಿದೆ. ಆನ್‌ಲೈನ್ ಅಂಗಡಿಗಳ ಫಾರ್ಮಿನಲ್ಲಿ ಊರಿನ ಹೆಸರು ಟೈಪ್ ಮಾಡಿದ ಕೂಡಲೇ ತಾನಾಗಿ ತುಂಬಿಕೊಳ್ಳುವ ಜಿಲ್ಲೆಯನ್ನು ನಂಬಬೇಡಿ, ಕಣ್ಣಲ್ಲಿ ನೋಡಿ. ತಾಲ್ಲೂಕಿನದೂ ಹೀಗೆಯೇ. ಪೊನ್ನಂಪೇಟೆ, ಕುಶಾಲನಗರ ಬೇರೆ ತಾಲ್ಲೂಕುಗಳಾದ ಮೇಲೂ ಹಳೆ ದಾಖಲೆಗಳಲ್ಲಿ ವಿರಾಜಪೇಟೆ, ಸೋಮವಾರಪೇಟೆ ಎಂದೇ ಇದೆ. ಅಂಚೆಗೆ ಅದರಿಂದ ತೊಂದರೆಯಿಲ್ಲ, ಪಿನ್ ಸರಿಯಿದ್ದರೆ ಸಾಕು. ತಾಲ್ಲೂಕಿನ ಹೆಸರು ನೋಡಿ ಗಾಡಿ ಹತ್ತಿಸುವ ಕೊರಿಯರ್ ಏಜೆನ್ಸಿಗಳಲ್ಲಿ ಮಾತ್ರ ಗೊಂದಲವಾಗುತ್ತದೆ.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಕೂಡ ಬರೆದಿಟ್ಟುಕೊಳ್ಳಬಹುದು. 10 ಅಕ್ಷರ-ಅಂಕಿಗಳ ಆ ಸಂಕೇತ ಸುಮಾರು 4 ಮೀಟರ್ ಉದ್ದಗಲದ ಒಂದು ಚೌಕವನ್ನು ತೋರಿಸುತ್ತದೆ. ಅದು ಪಿನ್ ಕೋಡ್‌ಗೆ ಬದಲಿ ಅಲ್ಲ. ಖಾಸಗಿ ಡೆಲಿವರಿ ಹುಡುಗರಿಗೆ ವಾಟ್ಸ್‌ಆ್ಯಪ್ ಲೊಕೇಶನ್ನೇ ಹೆಚ್ಚು ಉಪಯೋಗ. ಆದರೆ ಗುರುತನ್ನು ಮನೆಯ ಮೇಲೆ ಇಡಬೇಡಿ, ರಸ್ತೆ ಬದಿಯ ಗೇಟಿನ ಮೇಲೆ ಇಡಿ. ಮನೆಯ ಮೇಲೆ ಇಟ್ಟರೆ ಮ್ಯಾಪ್ ಹಿಂದುಗಡೆಯ ತೋಟದ ದಾರಿ ತೋರಿಸಿ, ಹುಡುಗ ಬೀಗ ಹಾಕಿದ ಗೇಟಿನ ಮುಂದೆ ನಿಂತು ‘ಡೋರ್ ಲಾಕ್ಡ್’ ಎಂದು ಒತ್ತಿ ಹೊರಟುಬಿಡುತ್ತಾನೆ.

ಫೋನ್ ನಂಬರ್

ಮನೆಯೊಳಗೆ ಸಿಗ್ನಲ್ ಸಿಗದವರು ತಮ್ಮ ನಂಬರೊಂದನ್ನೇ ಕೊಟ್ಟು ಕೂರಬಾರದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದರೆ ಊರಿಗೆ ಊರೇ ‘ನಾಟ್ ರೀಚಬಲ್’. ಪೇಟೆಯಲ್ಲಿರುವ ಒಬ್ಬರ ನಂಬರನ್ನು ಎರಡನೆಯದಾಗಿ ಕೊಡಿ, ಅವರಿಗೆ ಮೊದಲೇ ಹೇಳಿಡಿ. ವೈಫೈ ಇರುವ ಮನೆಯವರು ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ ಟವರಿಲ್ಲದೆಯೂ ಕರೆ ಬರುತ್ತದೆ. ಒಟಿಪಿ ಕೇಳುವ ಡೆಲಿವರಿಯಾದರೆ ಸಂದೇಶ ಬರುವ ಸಿಮ್ ಯಾರ ಕೈಯಲ್ಲಿದೆಯೋ ಅವರ ನಂಬರನ್ನೇ ಆರ್ಡರಿನಲ್ಲಿ ಹಾಕಬೇಕು. ಮೈಸೂರಿನಲ್ಲಿರುವ ಮಗನ ನಂಬರು ಹಾಕಿ, ಮಗ ಆಫೀಸಿನ ಮೀಟಿಂಗಿನಲ್ಲಿದ್ದರೆ ಪಾರ್ಸೆಲ್ ಬಂದ ದಾರಿಯಲ್ಲೇ ವಾಪಸ್.

ಟ್ರ್ಯಾಕಿಂಗ್ ಓದುವುದು

ಸ್ಪೀಡ್ ಪೋಸ್ಟಿನ ನಂಬರು 13 ಅಕ್ಷರ-ಅಂಕಿಗಳದ್ದು: ‘ಇ’ಯಿಂದ ಶುರುವಾಗುವ ಎರಡು ಇಂಗ್ಲಿಷ್ ಅಕ್ಷರ, 9 ಅಂಕಿ, ಕೊನೆಗೆ ‘ಐಎನ್’. ರಸೀದಿಯ ಫೋಟೋ ಅವತ್ತೇ ತೆಗೆದಿಡಿ, ಆ ಥರ್ಮಲ್ ಪೇಪರಿನ ಅಕ್ಷರ ತಿಂಗಳೊಪ್ಪತ್ತಿನಲ್ಲಿ ಮಾಸುತ್ತದೆ.

ಸಬ್ ಆಫೀಸಿಗೆ ಬಂದ ಪಾರ್ಸೆಲ್ ಅವತ್ತೇ ಮನೆಗೆ ಬರುತ್ತದೆಂದು ಲೆಕ್ಕ ಹಾಕಬೇಡಿ. ಅಲ್ಲಿಂದ ಬ್ರಾಂಚ್ ಆಫೀಸಿಗೆ ಚೀಲ ಹೋಗುವುದು ದಿನಕ್ಕೊಮ್ಮೆ, ಸಾಮಾನ್ಯವಾಗಿ ಬೆಳಿಗ್ಗೆ. ಚೀಲ ಹೊರಟ ಮೇಲೆ ಬಂದದ್ದು ಮರುದಿನಕ್ಕೆ. ಬ್ರಾಂಚ್ ಆಫೀಸ್ ತೆರೆದಿರುವುದೇ ದಿನಕ್ಕೆ ನಾಲ್ಕೈದು ಗಂಟೆ, ಅಲ್ಲಿನ ಗ್ರಾಮೀಣ ಡಾಕ್ ಸೇವಕರು ಪಾರ್ಸೆಲನ್ನು ಸ್ಕೂಟರಿನಲ್ಲೋ ನಡೆದೋ ತರಬೇಕು. ಶನಿವಾರ ಮಧ್ಯಾಹ್ನ ಸಬ್ ಆಫೀಸಿಗೆ ಬಂದದ್ದು ಸೋಮವಾರ ಬ್ರಾಂಚಿಗೆ ಹೋಗಿ, ದಾರಿ ದೂರವಿದ್ದರೆ ಮಂಗಳವಾರ ಕೈಸೇರಿದರೂ ಅದನ್ನು ವಿಳಂಬ ಎನ್ನಲಾಗದು. ‘ಔಟ್ ಫಾರ್ ಡೆಲಿವರಿ’ ಎಂದು ಎರಡು ದಿನ ಸತತವಾಗಿ ಕಂಡರೆ, ಅಥವಾ ನೀವು ಮನೆಯಲ್ಲೇ ಇದ್ದು ‘ಅಡ್ರೆಸಿ ಆಬ್ಸೆಂಟ್’ ಎಂದು ಬಂದರೆ, ಆಗ ಫೋನ್ ಎತ್ತಿ. ಕೊಡಲಾಗದ ಪಾರ್ಸೆಲನ್ನು ಅಂಚೆ ಕಚೇರಿ ಸಾಮಾನ್ಯವಾಗಿ 7 ದಿನ ಇಟ್ಟುಕೊಳ್ಳುತ್ತದೆ. ಅಷ್ಟರೊಳಗೆ ಗುರುತಿನ ಚೀಟಿ ತೆಗೆದುಕೊಂಡು ಹೋದರೆ ಕೌಂಟರಿನಲ್ಲೇ ಕೊಡುತ್ತಾರೆ.

ಇದೇ ಕಾರಣಕ್ಕೆ 12 ಕಿಲೋದ ಒಂದು ಡಬ್ಬಕ್ಕಿಂತ 6 ಕಿಲೋದ ಎರಡು ಡಬ್ಬ ಒಳ್ಳೆಯದು. ದೊಡ್ಡದು ಸ್ಕೂಟರಿಗೆ ಹತ್ತುವುದಿಲ್ಲ, ಕಚೇರಿಯಲ್ಲೇ ಉಳಿದು ಚೀಟಿ ಮಾತ್ರ ಬರುತ್ತದೆ. ಎರಡು ಡಬ್ಬಕ್ಕೆ ಶುಲ್ಕ ಸ್ವಲ್ಪ ಹೆಚ್ಚಾಗುತ್ತದೆ, ಜೀಪ್ ಬಾಡಿಗೆಗಿಂತ ಕಡಿಮೆಯೇ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆಯೇ ಲೆಕ್ಕ. ಮಂಗಳೂರು ಕಡೆಯಿಂದ ಬರುವುದೆಲ್ಲ ಸಂಪಾಜೆ ಘಾಟಿ ಹತ್ತಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿ ಮುಚ್ಚಿತ್ತು, ಆಮೇಲೂ ಜೋರು ಮಳೆಯಲ್ಲಿ ಭಾರಿ ವಾಹನಗಳಿಗೆ ತಡೆ ಬೀಳುತ್ತದೆ. ಮೈಸೂರು ಕಡೆಯ ದಾರಿ ಇದಕ್ಕಿಂತ ನಂಬಿಕೆಯದು. ಆದ್ದರಿಂದ ಮಳೆಗಾಲದಲ್ಲಿ ಒಂದೇ ಸಾಮಾನು ಮಂಗಳೂರಿನಲ್ಲೂ ಮೈಸೂರಿನಲ್ಲೂ ಸಿಗುವುದಾದರೆ ಮೈಸೂರಿನಿಂದ ತರಿಸಿ. ಸೆಪ್ಟೆಂಬರ್ ಮೊದಲ ವಾರದ ಹಬ್ಬ ಕೈಲ್‌ಪೊಳ್ದ್‌ಗೆ ಬೇಕಾದದ್ದನ್ನು ಆಗಸ್ಟ್ 20ರೊಳಗೆ ಕಳಿಸುವುದು ಕ್ಷೇಮ. ಮಳೆ ಮುಗಿದ ಮೇಲೆ ಬರುವ ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಈ ಗಡಿಬಿಡಿ ಇರುವುದಿಲ್ಲ.

ಇಲ್ಲಿಂದ ಕಳಿಸುವವರಿಗೆ: ಕಾಫಿಪುಡಿ, ಮೆಣಸು, ಜೇನು, ಕಾಚಂಪುಳಿ

ಹೊಸದಾಗಿ ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಹುರಿದ ದಿನವೇ ಬಿಗಿಯಾಗಿ ಸೀಲ್ ಮಾಡಿದ ಪೌಚ್ ಉಬ್ಬಿ, ಮೇಲೆ ಭಾರ ಬಿದ್ದಾಗ ಸೀಲ್ ಬಿಡುತ್ತದೆ, ಜೊತೆಗಿದ್ದದ್ದಕ್ಕೆಲ್ಲ ಪುಡಿ ಮೆತ್ತಿಕೊಳ್ಳುತ್ತದೆ. ಒಂದೋ ವಾಲ್ವ್ ಇರುವ ಪೌಚ್ ತನ್ನಿ, ಇಲ್ಲವೇ ಪುಡಿಯನ್ನು ಒಂದು ದಿನ ಬಿಟ್ಟು ಪ್ಯಾಕ್ ಮಾಡಿ. ಇಡೀ ಬೀಜವಾದರೆ ಇನ್ನೂ ಕೆಲವು ದಿನ ಬೇಕು. ಮೆಣಸು ಕಟಕಟ ಎನ್ನುವಷ್ಟು ಒಣಗಿರಲಿ. ಪಸೆ ಉಳಿದ ಮೆಣಸು ಪ್ಲಾಸ್ಟಿಕ್ಕಿನೊಳಗೆ ಬೆವರಿ, ದಿಲ್ಲಿ ತಲುಪುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ಜೇನಿನಲ್ಲಿ ತಪ್ಪಾಗುವುದು ತೂಕದ ಅಂದಾಜು. ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ, ಬಾಟಲಿ-ಡಬ್ಬ ಸೇರಿದರೆ ಇನ್ನೂ ಹೆಚ್ಚು. ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ, ಎರಡು ಬೆರಳು ಜಾಗ ಬಿಡಿ, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಜೇನು ಹಿಗ್ಗುತ್ತದೆ. ಗಾಜಿಗಿಂತ ದಪ್ಪ ಪೆಟ್ ಬಾಟಲಿ ವಾಸಿ. ಕಾಚಂಪುಳಿಗೆ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಲೋಹದ ಮುಚ್ಚಳ ಬೇಡವೇ ಬೇಡ. ಅದರ ಹುಳಿ ಮುಚ್ಚಳವನ್ನು ತಿಂದು ಸೋರಿಕೆ ಶುರುವಾಗುತ್ತದೆ, ಆ ಕಪ್ಪು ಕಲೆ ಒಮ್ಮೆ ಬಿದ್ದರೆ ಹೋಗದು. ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಚೂರು ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಹೊರಗೆ ಟೇಪ್ ಸುತ್ತಿ, ಬಾಟಲಿಯನ್ನು ತಲೆಕೆಳಗಾಗಿ ಒಂದು ರಾತ್ರಿ ಕಾಗದದ ಮೇಲೆ ನಿಲ್ಲಿಸಿ ನೋಡಿ. ಕಾಗದ ಒಣಗಿದ್ದರೆ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಸುತ್ತಲೂ ಒಣ ಮರದ ಪುಡಿ ತುಂಬಿ. ಕಾಫಿ ಹೊಟ್ಟು ಪುಕ್ಕಟೆ ಸಿಗುತ್ತದೆಂದು ಬಳಸುವವರಿದ್ದಾರೆ. ಮಳೆಗಾಲದಲ್ಲಿ ಅದು ತೇವ ಎಳೆದುಕೊಂಡು ಡಬ್ಬವನ್ನೇ ಮೆತ್ತಗೆ ಮಾಡುತ್ತದೆ.

ಭಾರದ ಸಾಮಾನಿಗೆ 5 ಪದರದ ರಟ್ಟಿನ ಡಬ್ಬವೇ ಬೇಕು. ತೇವದ ದಿನ ರಟ್ಟಿನ ಮೇಲೆ ಕಂದು ಟೇಪ್ ನಿಲ್ಲುವುದಿಲ್ಲ, ಡಬ್ಬವನ್ನು ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟು ಒಣಗಿಸಿ ಅಂಟಿಸಿ. ನಡುವಿನ ಸೀಳಿಗೂ ಎರಡು ತುದಿಗಳಿಗೂ ಟೇಪ್ ಹಾಕಿ. ವಿಳಾಸವನ್ನು ಬಾಲ್‌ಪೆನ್ನಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಜೆಲ್ ಪೆನ್ನಿನ ಶಾಯಿ ಒಂದು ಹನಿ ನೀರಿಗೆ ಹರಡುತ್ತದೆ. ಇನ್ನೊಂದು ಪ್ರತಿ ಡಬ್ಬದ ಒಳಗಿರಲಿ.

ಡಬ್ಬದ ಗಾತ್ರವನ್ನೂ ನೋಡಿ. ಖಾಸಗಿ ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ತೂಕವೆಂದು ಹಿಡಿಯುತ್ತವೆ. 30×25×20ರ ಡಬ್ಬ ಎಂದರೆ 3 ಕಿಲೋ. ಒಳಗೆ ಒಂದೂವರೆ ಕಿಲೋ ಚಾಕೊಲೇಟ್ ಇದ್ದರೂ ದುಡ್ಡು 3 ಕಿಲೋದ್ದೇ.

ಮನೆಯಲ್ಲಿ ಮಾಡಿದ ವೈನ್, ಕೋವಿಯ ತೋಟಾ ಇವನ್ನು ಅಂಚೆಗೆ ಹಾಕುವಂತಿಲ್ಲ. ‘ಜ್ಯೂಸ್’ ಎಂದು ಬರೆದು ಕಳಿಸುವ ಜಾಣತನವೂ ಬೇಡ.

ಯಾವ ಸೇವೆ ಯಾವುದಕ್ಕೆ

ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಈಗ ಸ್ಪೀಡ್ ಪೋಸ್ಟಿಗೆ ₹5 ಮತ್ತು ಜಿಎಸ್‌ಟಿ ಕೊಟ್ಟು ‘ರಿಜಿಸ್ಟ್ರೇಷನ್’ ಸೇರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಆ ವಿಳಾಸದಲ್ಲಿ ಸಿಕ್ಕವರ ಕೈಗೆ ಕೊಡಬಹುದು. ತೋಟದ ಆಫೀಸಿನಂಥ ಕಡೆ ಜಮೀನು ದಾಖಲೆ, ಬ್ಯಾಂಕ್ ಕಾಗದ ಕಳಿಸುವಾಗ ಈ ಐದು ರೂಪಾಯಿ ಉಳಿಸಬೇಡಿ. ಒಟಿಪಿ ಡೆಲಿವರಿಗೂ ಅಷ್ಟೇ ಶುಲ್ಕ, ಆದರೆ ಸಿಗ್ನಲ್ ಇಲ್ಲದ ಊರಿಗೆ ಅದನ್ನು ಹಾಕುವುದು ನಾವೇ ಅಡ್ಡಗಾಲು ಇಟ್ಟಂತೆ.

ಹೊರಗಿನ ಕೊರಿಯರ್‌ಗಳಿಗೆ ಕೊಡಗಿನ ಹಲವು ಪಿನ್‌ಗಳು ‘ಔಟ್ ಆಫ್ ಡೆಲಿವರಿ ಏರಿಯಾ’. ಬುಕ್ ಮಾಡುವ ಮೊದಲೇ ಕೇಳಿ, ಪೇಟೆಯ ಒಂದು ಅಂಗಡಿಗೆ ತಲುಪಿಸಿಕೊಳ್ಳುವುದು ಸುಲಭ. ಅವಸರದ ಪಂಪ್‌ಸೆಟ್ ಬಿಡಿಭಾಗ, ಔಷಧಿಯಂಥವು ಮೈಸೂರಿನಿಂದ ಬರುವುದಾದರೆ ಬಸ್ಸೇ ಬೇಗ. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ 2021ರಿಂದ ಇದೆ. ಬಸ್ ನಿಲ್ದಾಣಕ್ಕೆ ಹೋಗಿ ತರಬೇಕು, ಆದರೆ ರಸೀದಿ ಸಿಗುತ್ತದೆ. ಕಂಡಕ್ಟರ್ ಕೈಗೆ ಸುಮ್ಮನೆ ಕೊಟ್ಟು ಕಳಿಸಿದ್ದಕ್ಕೆ ಯಾವ ಲೆಕ್ಕವೂ ಇಲ್ಲ.

ಒಡೆದು ಬಂದರೆ, ಬರದೇ ಹೋದರೆ

ಡಬ್ಬ ಜಜ್ಜಿದ್ದರೆ, ಟೇಪ್ ಮೇಲೆ ಟೇಪ್ ಕಂಡರೆ, ಸಹಿ ಮಾಡುವ ಮೊದಲೇ ಫೋಟೋ ತೆಗೆಯಿರಿ. ಬುಕಿಂಗ್ ರಸೀದಿಯಲ್ಲಿರುವ ತೂಕಕ್ಕೂ ಕೈಯಲ್ಲಿರುವ ತೂಕಕ್ಕೂ ತಾಳೆ ನೋಡಿ. ವ್ಯತ್ಯಾಸವಿದ್ದರೆ ಅಂಚೆ ಕಚೇರಿಯಲ್ಲಿ ‘ಓಪನ್ ಡೆಲಿವರಿ’ ಕೇಳಿ: ಪೋಸ್ಟ್‌ಮಾಸ್ಟರ್ ಎದುರಿಗೆ ತೂಕ ಹಾಕಿ, ಬಿಚ್ಚಿ, ಒಳಗಿದ್ದದ್ದನ್ನು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಬಿಚ್ಚಿ ಆಮೇಲೆ ಹೋದರೆ ಈ ದಾರಿ ಮುಚ್ಚಿದಂತೆ.

ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಿಗುವ ಪರಿಹಾರ ಶುಲ್ಕದ ಎರಡು ಪಟ್ಟು ಅಥವಾ ₹1,000, ಯಾವುದು ಕಡಿಮೆಯೋ ಅದು. ಒಳಗಿನ ಸಾಮಾನಿನ ಬೆಲೆ ಅಲ್ಲಿ ಲೆಕ್ಕಕ್ಕಿಲ್ಲ. ಬೆಲೆಯುಳ್ಳದ್ದಾದರೆ ಬುಕ್ ಮಾಡುವಾಗಲೇ ವಿಮೆ ಮಾಡಿಸಿ.

ದೂರಿಗೆ ಮೊದಲು ಸಬ್ ಪೋಸ್ಟ್‌ಮಾಸ್ಟರರನ್ನು ಕಾಣಿ. ಅರ್ಧಕ್ಕರ್ಧ ಪಾರ್ಸೆಲ್‌ಗಳು ಅಲ್ಲೇ ಮೂಲೆಯಲ್ಲಿ ಸಿಗುತ್ತವೆ. ಆಗದಿದ್ದರೆ 1800 266 6868ಕ್ಕೆ ಕರೆ ಮಾಡಿ ಅಥವಾ ಇಂಡಿಯಾ ಪೋಸ್ಟ್ ವೆಬ್‌ಸೈಟಿನಲ್ಲಿ ದಾಖಲಿಸಿ ನಂಬರ್ ಪಡೆಯಿರಿ. ಅದರ ಮೇಲೆ ಮಡಿಕೇರಿಯಲ್ಲಿರುವ ಕೊಡಗು ವಿಭಾಗದ ಅಂಚೆ ಅಧೀಕ್ಷಕರು, ಆಮೇಲೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್. ‘ಇನ್ನೂ ಬಂದಿಲ್ಲ’ ಎಂದಷ್ಟೇ ಬರೆದರೆ ಟ್ರ್ಯಾಕಿಂಗ್ ಪುಟದ ನಕಲೇ ಉತ್ತರವಾಗಿ ಬರುತ್ತದೆ. ಯಾವ ಕಚೇರಿಯಿಂದ ಯಾವ ದಿನ ಹೊರಟಿತು, ಮುಂದಿನ ಕಚೇರಿಯಲ್ಲಿ ಯಾವ ದಿನವಾದರೂ ಹಾಜರಿ ಬಿತ್ತೋ ಇಲ್ಲವೋ ಎಂಬುದನ್ನು ದಿನಾಂಕ, ಕಚೇರಿಯ ಹೆಸರು, ತೂಕದ ಸಮೇತ ಬರೆಯಿರಿ, ರಸೀದಿಯ ಫೋಟೋ ಲಗತ್ತಿಸಿ.