ಮಳೆಗಾಲದಲ್ಲಿ ಬೀದಿಯಲ್ಲಿ ಮಲಗುವವರ ಪಾದ ನೋಡಿ

ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಮಲಗುವವರಿಗೆ ಊಟ, ಕಂಬಳಿ ಕೊಡುವ ಗೆಳೆಯರೇ, ಈ ಮಳೆಗೆ ಒಂದು ಒಣ ಟವೆಲ್, ಹತ್ತಿ ಸಾಕ್ಸ್ ಕೂಡ ಇಟ್ಟುಕೊಳ್ಳಿ.

ಮೊದಲು "ಕಾಲು ನೋಡ್ಲಾ?" ಅಂತ ಕೇಳಿ. ಒಪ್ಪಿದರೆ ಕೈಗವಸು ಹಾಕಿಕೊಂಡು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬಿಸಿ ಎಷ್ಟಿದೆ ಅಂತ ನಿಮ್ಮ ಮೊಣಕೈಯಲ್ಲೇ ನೋಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲು ಸುಟ್ಟರೂ ಗೊತ್ತಾಗದಿರಬಹುದು. ಆಮೇಲೆ ಬೆರಳ ಸಂದಿ ಪೂರ್ತಿ ಒರೆಸಿ, ಅದೇ ಮುಖ್ಯ. ಕಳೆದ ವಾರ ಒಬ್ಬ ಅಜ್ಜನ ಕಿರುಬೆರಳ ಸಂದಿ ನೆನೆದ ಅವಲಕ್ಕಿ ಹಾಗೆ ಬೆಳ್ಳಗೆ, ಮೆತ್ತಗಾಗಿತ್ತು. ಅಲ್ಲಿಗೆ ಎಣ್ಣೆ ಬೇಡ, ತೇವ ಜಾಸ್ತಿಯಾಗುತ್ತದೆ. ಹಿಮ್ಮಡಿಯ ಒಡಕಿಗೆ ಹಚ್ಚಿ. ಆಣಿ ಕತ್ತರಿಸಬೇಡಿ.

ಬೆರಳು ಕಪ್ಪಾಗಿದ್ದರೆ, ಹುಣ್ಣು ವಾಸನೆ ಬಂದರೆ, ಮುಟ್ಟಿದ್ದು ತಿಳಿಯದಿದ್ದರೆ ಅವತ್ತೇ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚೀಟಿ ಮಾಡಿಸಿ, ಸರದಿ ಬರುವವರೆಗೂ ಪಕ್ಕದಲ್ಲೇ ಕೂತಿರಿ.