ಯೋಗದ ಜೊತೆ ಪಿಲಾಟಿಸ್: ಬಾಗುವ ಬೆನ್ನಿಗೆ ಬಲವೂ ಬರಲಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಹೆಂಗಸರಿಗೆ ಬಾಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ತೋಟದಲ್ಲಿ ಅಡಿಕೆ ಹೆಕ್ಕುವುದು, ದನದ ಹಟ್ಟಿ ಗುಡಿಸುವುದು, ಗಂಟೆಗಟ್ಟಲೆ ಕೂತು ಬೀಡಿ ಕಟ್ಟುವುದು, ಎಲ್ಲವೂ ಬೆನ್ನು ಬಾಗಿಸಿಯೇ ಆಗುವ ಕೆಲಸ. ನನ್ನ ಯೋಗ ತರಗತಿಗೆ ಬರುವವರಲ್ಲಿ ಹೆಚ್ಚಿನವರಿಗೆ ಪಾದಹಸ್ತಾಸನದಲ್ಲಿ ಮೊದಲ ದಿನವೇ ಕೈ ನೆಲಕ್ಕೆ ತಾಗುತ್ತದೆ. ಆದರೂ ಸೊಂಟ ನೋವು ಬಿಡುವುದಿಲ್ಲ. "ದಿನಾ ಯೋಗ ಮಾಡ್ತೇನೆ ಟೀಚರ್, ಮತ್ತೆ ಯಾಕೆ ನೋವು?" ಅಂತ ಕೇಳುತ್ತಾರೆ.

ಬೆನ್ನು ಸಡಿಲ ಇದ್ದರೆ ಸಾಲದು, ಅದನ್ನು ಹಿಡಿದು ನಿಲ್ಲಿಸುವ ಬಲವೂ ಬೇಕು. ಹೊಟ್ಟೆಯ ಒಳಪದರದ ಸ್ನಾಯು, ಬೆನ್ನುಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳು, ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಕೆಳಗಿನ ಸ್ನಾಯುಗಳು, ಇವೆಲ್ಲ ಸೇರಿ ಸೊಂಟಕ್ಕೆ ಆಧಾರ ಕೊಡುತ್ತವೆ. ಯೋಗದಲ್ಲೂ ಇವುಗಳಿಗೆ ಕೆಲಸ ಇದೆ, ನೌಕಾಸನ ಮಾಡಿದವರಿಗೆ ಗೊತ್ತು. ಆದರೆ ಪಿಲಾಟಿಸ್ ಎಂಬ ವ್ಯಾಯಾಮ ಪದ್ಧತಿ ಶುರುವಾಗುವುದೇ ಇಲ್ಲಿಂದ. ಅದಕ್ಕೇ ನಾನು ಎರಡನ್ನೂ ಸೇರಿಸಿ ಹೇಳಿಕೊಡುತ್ತೇನೆ.

ಪಿಲಾಟಿಸ್ ಅಂದರೆ ಜೋಸೆಫ್ ಪಿಲಾಟಿಸ್ ಎಂಬವರ ಹೆಸರು. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ಅಸ್ತಮಾದಿಂದ ಬಳಲಿದವರು. ಮೊದಲ ಮಹಾಯುದ್ಧದ ಸಮಯ ಇಂಗ್ಲೆಂಡಿನಲ್ಲಿದ್ದ ಅವರನ್ನು ಜರ್ಮನ್ ಪ್ರಜೆ ಅಂತ ಬಂಧನ ಶಿಬಿರದಲ್ಲಿಟ್ಟರು. ಅಲ್ಲಿ ಜೊತೆಯವರಿಗೆ ವ್ಯಾಯಾಮ ಕಲಿಸುತ್ತಾ ಈ ಪದ್ಧತಿಯನ್ನು ಬೆಳೆಸಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಸ್ಟುಡಿಯೋ ತೆರೆದರು. ದೊಡ್ಡ ಪೇಟೆಗಳಲ್ಲಿ ಕಾಣುವ, ಸ್ಪ್ರಿಂಗ್ ಮತ್ತು ಜಾರುವ ಹಲಗೆ ಇರುವ ರಿಫಾರ್ಮರ್ ಯಂತ್ರ ನೋಡಿ ಇದು ನಮಗಲ್ಲ ಅಂತ ಹಿಂದೆ ಸರಿಯಬೇಡಿ. 1945ರಲ್ಲಿ ಅವರು ಬರೆದ ಪುಸ್ತಕದಲ್ಲಿರುವ 34 ವ್ಯಾಯಾಮಗಳಿಗೂ ನೆಲ ಮತ್ತು ಒಂದು ಮ್ಯಾಟ್ ಇದ್ದರೆ ಸಾಕು.

ಮ್ಯಾಟ್ ಮಾತ್ರ ಸ್ವಲ್ಪ ದಪ್ಪ ಇರಲಿ. ಬೆನ್ನಿನ ಮೇಲೆ ಉರುಳುವಾಗ ತೆಳ್ಳಗಿನ ಯೋಗ ಮ್ಯಾಟಿನಲ್ಲಿ ಮೂಳೆ ಒತ್ತುತ್ತದೆ. ಹೊಸದು ಕೊಳ್ಳಬೇಕೆಂದಿಲ್ಲ, ಮ್ಯಾಟಿನ ಕೆಳಗೆ ಒಂದು ಜಮಖಾನ ಮಡಚಿ ಹಾಕಿ. ನಿಂತು ಮಾಡುವ ಆಸನಕ್ಕೆ ಅದನ್ನು ತೆಗೆದುಬಿಡಿ. ಮಳೆಗಾಲದಲ್ಲಿ ನಮ್ಮ ಚಾವಡಿಯ ನೆಲ ಬೆವರುತ್ತದೆ, ಜಾರುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ.

ಈಗ ಕ್ರಮಕ್ಕೆ ಬರೋಣ. ಒಟ್ಟು ನಲವತ್ತು ನಿಮಿಷ ಸಾಕು. ಹೊಟ್ಟೆ ಖಾಲಿ ಇರಬೇಕು. ಮೊದಲ ಹತ್ತು ನಿಮಿಷ ಯೋಗ: ಮಾರ್ಜಾಲಾಸನ (ಕೈ, ಮೊಣಕಾಲು ಊರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದು), ಆಮೇಲೆ ನಿಧಾನವಾಗಿ ಮೂರು ನಾಲ್ಕು ಸೂರ್ಯನಮಸ್ಕಾರ. ಇದು ಮೈ ಬಿಸಿಯಾಗಲಿಕ್ಕೆ ಮಾತ್ರ. ಇಲ್ಲಿ ಕೂತು ಮುಂದೆ ಬಾಗುವ ಪಶ್ಚಿಮೋತ್ತಾನಾಸನದಂಥದ್ದನ್ನು ತುಂಬಾ ಹೊತ್ತು ಹಿಡಿಯಬೇಡಿ. ಎಳೆದು ಎಳೆದು ಸಡಿಲವಾದ ಸ್ನಾಯುವಿಗೆ ತಕ್ಷಣ ಬಲದ ಕೆಲಸ ಕೊಟ್ಟರೆ ಅದು ಪೂರ್ತಿ ಬಲ ಹಾಕುವುದಿಲ್ಲ. ನಡುವಿನ ಇಪ್ಪತ್ತು ನಿಮಿಷ ಪಿಲಾಟಿಸ್. ಕೊನೆಯ ಹತ್ತು ನಿಮಿಷ ಮತ್ತೆ ಯೋಗ.

ಎರಡನ್ನೂ ಸೇರಿಸುವಾಗ ಎಲ್ಲರೂ ತಡವರಿಸುವುದು ಉಸಿರಿನಲ್ಲಿ. ಪ್ರಾಣಾಯಾಮಕ್ಕೆ ಕೂತಾಗ ಹೊಟ್ಟೆ ಉಬ್ಬಿ ಇಳಿಯುವಂತೆ ಉಸಿರಾಡುತ್ತೇವೆ. ಪಿಲಾಟಿಸಿನಲ್ಲಿ ಹೊಟ್ಟೆ ಮೆಲ್ಲಗೆ ಒಳಗೆ ಎಳೆದೇ ಇರಬೇಕು, ಹಾಗಾಗಿ ಉಸಿರು ಪಕ್ಕೆಲುಬಿಗೆ ಹೋಗಬೇಕು. ಇದನ್ನು ಕಲಿಯಲು ಒಂದು ಬೈರಾಸು (ತೆಳು ಟವೆಲ್) ತೆಗೆದುಕೊಳ್ಳಿ. ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಸುತ್ತಿ ಎರಡೂ ತುದಿಯನ್ನು ಮುಂದೆ ಅಡ್ಡಡ್ಡ ಹಿಡಿಯಿರಿ. ಮೂಗಿನಿಂದ ಉಸಿರು ಎಳೆದಾಗ ಬೈರಾಸು ಬದಿಗೂ ಬೆನ್ನಿಗೂ ಬಿಗಿಯಾಗಬೇಕು. ಬಾಯಿಯಿಂದ ಬಿಡುವಾಗ ತುದಿಗಳನ್ನು ಸ್ವಲ್ಪ ಎಳೆಯಿರಿ, ಹೊಕ್ಕುಳು ತಾನಾಗಿ ಬೆನ್ನಿನ ಕಡೆಗೆ ಸರಿಯುತ್ತದೆ. ಹೆಗಲು ಮೇಲೇರಿದರೆ ಉಸಿರು ತಪ್ಪು ಜಾಗಕ್ಕೆ ಹೋಗಿದೆ ಅಂತ ಅರ್ಥ. ಒಂದು ವಾರ ಬರೇ ಇದನ್ನೇ ಮಾಡಿದರೂ ನಷ್ಟ ಇಲ್ಲ. ಇದು ಬಾರದೆ ಮುಂದಿನದ್ದು ಮಾಡಿದರೆ ಸುಮ್ನೆ ಕೈಕಾಲು ಆಡಿಸಿದ ಹಾಗೆ.

ಉಸಿರು ಹಿಡಿತಕ್ಕೆ ಬಂತಾ? ಹಾಗಾದರೆ ಪಿಲಾಟಿಸಿನ ಮೊದಲ ವ್ಯಾಯಾಮ, ಹಂಡ್ರೆಡ್. ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ನೆಲದಲ್ಲಿರಲಿ. ಕೈಗಳನ್ನು ಮೈಯ ಪಕ್ಕದಲ್ಲಿ ನೆಲದಿಂದ ಸ್ವಲ್ಪ ಎತ್ತಿ ಮೇಲೆ ಕೆಳಗೆ ಚಿಕ್ಕದಾಗಿ ಬಡಿಯಿರಿ. ಐದು ಬಡಿತಕ್ಕೆ ಉಸಿರು ಒಳಗೆ, ಐದಕ್ಕೆ ಹೊರಗೆ. ಹತ್ತು ಸುತ್ತಾದರೆ ನೂರು. ಆರಂಭಕ್ಕೆ ಮೂರು ನಾಲ್ಕು ಸುತ್ತು ಸಾಕು, ತಲೆ ನೆಲದಲ್ಲೇ ಇರಲಿ. ಅದು ಸುಲಭವಾದ ಮೇಲೆ ತಲೆ, ಹೆಗಲು ಎತ್ತಿ. ಕಾಲನ್ನು ಮೇಲೆತ್ತಿ ಮಾಡುವುದು ಅದಕ್ಕಿಂತಲೂ ಆಮೇಲೆ.

ಮುಂದಿನದು ಸೇತುವೆ. ನಾನು ಇದನ್ನು ಬಹಳ ಇಷ್ಟಪಟ್ಟು ಹೇಳಿಕೊಡುತ್ತೇನೆ, ಯಾಕೆಂದರೆ ಎರಡು ಪದ್ಧತಿಯ ವ್ಯತ್ಯಾಸ ಮೈಗೆ ಗೊತ್ತಾಗುವುದು ಇಲ್ಲಿಯೇ. ಸೇತುಬಂಧಾಸನದಲ್ಲಿ ಸೊಂಟ ಎತ್ತಿ, ಎದೆ ತೆರೆದು, ಐದಾರು ಉಸಿರು ಹಾಗೇ ನಿಲ್ಲುತ್ತೇವೆ. ಪಿಲಾಟಿಸಿನಲ್ಲಿ ಏರುವುದು ಇಳಿಯುವುದೇ ಮುಖ್ಯ. ಉಸಿರು ಬಿಡುತ್ತಾ ಮೊದಲು ಬಾಲದ ಮೂಳೆ, ಆಮೇಲೆ ಸೊಂಟ, ಆಮೇಲೆ ನಡುಬೆನ್ನು, ಬೆನ್ನುಮೂಳೆಯ ಒಂದೊಂದೇ ಮಣಿ ಏಳಬೇಕು. ಇಳಿಯುವಾಗ ಚಾಪೆ ಬಿಡಿಸಿದ ಹಾಗೆ, ಮೇಲಿನಿಂದ ಕೆಳಗೆ. ಹೆಚ್ಚಿನವರಿಗೆ ಸೊಂಟದ ಭಾಗದ ಮೂರು ನಾಲ್ಕು ಮಣಿ ಒಟ್ಟಿಗೇ ಧೊಪ್ಪನೆ ಬೀಳುತ್ತವೆ. ನೋವು ಇರುವುದೂ ಸಾಧಾರಣ ಅಲ್ಲೇ, ಅಲ್ವಾ? ಆ ಜಾಗದಲ್ಲಿ ಇನ್ನೂ ನಿಧಾನ ಮಾಡಿ. ಆರೇ ಸಲ ಮಾಡಿ, ಆದರೆ ಚೆನ್ನಾಗಿ ಮಾಡಿ.

ಆಮೇಲೆ ಮಗ್ಗುಲಲ್ಲಿ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು, ಎರಡೂ ಬದಿ ಎಂಟು ಎಂಟು ಸಲ. ಕೊನೆಗೆ ಕವುಚಿ ಮಲಗಿ ಸ್ವಿಮ್ಮಿಂಗ್: ಬಲಗೈ ಎಡಗಾಲು, ಎಡಗೈ ಬಲಗಾಲು ಬದಲಿಸುತ್ತಾ ಎತ್ತುವುದು. ಶಲಭಾಸನ ಬರುವವರಿಗೆ ಇದು ಕಷ್ಟವಾಗದು.

ಕೊನೆಯ ಹತ್ತು ನಿಮಿಷದಲ್ಲಿ ಎರಡೂ ಬದಿ ವಕ್ರಾಸನ (ಕೂತು ಬೆನ್ನು ತಿರುಗಿಸುವುದು), ಸ್ವಲ್ಪ ಹೊತ್ತು ಬಾಲಾಸನ (ಮಂಡಿಯೂರಿ ಹಣೆ ನೆಲಕ್ಕಿಡುವುದು), ಐದು ನಿಮಿಷ ಶವಾಸನ. ಸಮಯ ಉಳಿದರೆ ನಾಡಿಶೋಧನ, ಅಂದರೆ ಮೂಗಿನ ಒಂದೊಂದೇ ಹೊಳ್ಳೆಯಿಂದ ಬದಲಿಸುತ್ತಾ ಉಸಿರಾಡುವುದು. ಶವಾಸನ ಬಿಟ್ಟು ಒಲೆಯ ಹತ್ತಿರ ಓಡಬೇಡಿ ಅಂತ ನಾನು ದಿನಾ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

ವಾರದಲ್ಲಿ ಮೂರು ದಿನ ಈ ಪೂರ್ತಿ ಕ್ರಮ, ಒಂದು ದಿನ ಬಿಟ್ಟು ಒಂದು ದಿನ. ನಡುವಿನ ದಿನ ಬರೇ ಆಸನ, ಪ್ರಾಣಾಯಾಮ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮೈ ದಣಿದಿದ್ದರೆ ಪಿಲಾಟಿಸ್ ಬೇಡ, ಮಾರ್ಜಾಲಾಸನ ಮತ್ತು ಶವಾಸನ ಸಾಕು.

ಕೆಲವರು ಎಚ್ಚರ ವಹಿಸಬೇಕು. ಮೂಳೆ ಟೊಳ್ಳಾಗಿದೆ (ಆಸ್ಟಿಯೊಪೊರೋಸಿಸ್) ಅಂತ ಡಾಕ್ಟರ್ ಹೇಳಿದ್ದರೆ ಬೆನ್ನು ಮುಂದಕ್ಕೆ ಸುರುಳಿ ಮಾಡುವ ಯಾವ ವ್ಯಾಯಾಮವೂ ಬೇಡ. ಹಂಡ್ರೆಡ್ ಮಾಡುವಾಗಲೂ ತಲೆ ನೆಲದಲ್ಲೇ ಇರಲಿ. ಬಿಪಿ ಇರುವವರು ಎಲ್ಲಿಯೂ ಉಸಿರು ಕಟ್ಟಬಾರದು. ಬಸುರಿಯರು, ಬಾಣಂತಿಯರು, ಡಿಸ್ಕ್ ತೊಂದರೆ ಇರುವವರು ಮೊದಲು ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಯೇ ಶುರು ಮಾಡಿ.

ಮರುದಿನ ಎಲ್ಲಿ ನೋಯುತ್ತದೆ ಅಂತ ಗಮನಿಸಿ. ಹೊಟ್ಟೆ, ತೊಡೆಯ ಹಿಂಭಾಗ ಸ್ವಲ್ಪ ಬಿಗಿ ಅನ್ನಿಸಿದರೆ ಒಳ್ಳೆಯದೇ, ಕೆಲಸ ಸರಿಯಾದ ಜಾಗಕ್ಕೆ ಹೋಗಿದೆ. ಕುತ್ತಿಗೆ ನೋಯುತ್ತಿದ್ದರೆ ಹೊಟ್ಟೆಯ ಬದಲು ಕುತ್ತಿಗೆಯಿಂದ ತಲೆ ಎತ್ತಿದ್ದೀರಿ, ಮುಂದಿನ ಸಲ ಕೆಳಗಿಡಿ. ಸೊಂಟವೇ ಜಾಸ್ತಿ ನೋಯುತ್ತಿದ್ದರೆ ಒಂದು ಹಂತ ಹಿಂದೆ ಹೋಗಿ ಬೈರಾಸಿನ ಉಸಿರಿನಿಂದ ಮತ್ತೆ ಶುರು ಮಾಡಿ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.