ಪಿಸ್ತೂಲಿಗಿಂತ ಮೊದಲು ಬೆಲ್ಟ್ ನೋಡಿ

ಡಿಫೆನ್ಸಿವ್ ಪಿಸ್ತೂಲ್ (ಆತ್ಮರಕ್ಷಣೆಯ ಸನ್ನಿವೇಶದಂತೆ ಗುರಿಗಳಿಗೆ ಹೊಡೆಯುವ) ಪಂದ್ಯಕ್ಕೆ ಇಳಿಯಬೇಕು ಅಂತ ಮನಸ್ಸು ಮಾಡಿದ ಮೇಲೆ ಎರಡು ತಿಂಗಳು ನಾನು ಪಿಸ್ತೂಲಿನ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ಟ್ರಿಗರ್ ಬದಲಾಯಿಸಬೇಕಾ, ಗುರಿ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಕೂರಿಸಬೇಕಾ, ನಳಿಗೆ ಉದ್ದ ಇದ್ದರೆ ಒಳ್ಳೆಯದಾ, ಇವೇ ಪ್ರಶ್ನೆಗಳು. ಸೊಂಟಕ್ಕೆ ಕಟ್ಟುವ ಬೆಲ್ಟಿನ ಕಡೆ ಗಮನವೇ ಹೋಗಲಿಲ್ಲ. ಮೊದಲ ಪಂದ್ಯದಲ್ಲಿ ಕೈಕೊಟ್ಟದ್ದು ಅದೇ.

ನಾನು ಆಡುವುದು ಐಡಿಪಿಎ (ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ತೂಲ್ ಅಸೋಸಿಯೇಷನ್) ನಿಯಮದ ಪಂದ್ಯ. ಈ ಸಂಸ್ಥೆ ಶುರುವಾದದ್ದು 1996ರಲ್ಲಿ. ಅದಕ್ಕೂ ಮೊದಲು 1976ರಿಂದ ಐಪಿಎಸ್‌ಸಿ ಎಂಬ ಇನ್ನೊಂದು ಶೂಟಿಂಗ್ ಸಂಸ್ಥೆ ಇತ್ತು. ಕಾಲ ಕಳೆದಂತೆ ಅಲ್ಲಿನ ಪಿಸ್ತೂಲುಗಳು ಬರೀ ಪಂದ್ಯಕ್ಕೆಂದೇ ತಯಾರಾಗತೊಡಗಿದವು. ದಿನವೂ ಸೊಂಟದಲ್ಲಿ ಇಟ್ಟುಕೊಂಡು ಓಡಾಡುವಂಥ ಪಿಸ್ತೂಲು, ಅಂಥದೇ ಹೋಲ್‌ಸ್ಟರ್ (ಬೆಲ್ಟಿಗೆ ಹಾಕುವ ಪಿಸ್ತೂಲಿನ ಒರೆ), ಮೇಲೆ ಮುಚ್ಚುವ ಬಟ್ಟೆ, ಇಷ್ಟರಲ್ಲೇ ಸ್ಪರ್ಧೆ ನಡೆಯಲಿ ಎಂದವರು ಬೇರೆಯಾಗಿ ಐಡಿಪಿಎ ಕಟ್ಟಿದರು. ಹಾಗಾಗಿ ಹೊಸಬರಿಗೆ ಇದು ತುಂಬ ಅನುಕೂಲದ ಆಟ. 9 ಎಂಎಂನ ಸಾಧಾರಣ ಸರ್ವಿಸ್ ಪಿಸ್ತೂಲು ಸಾಕು. ನನ್ನದು ಗ್ಲಾಕ್ 19, ಇವತ್ತಿಗೂ ಅದರ ಒಳಗಿನ ಒಂದು ಭಾಗವನ್ನೂ ನಾನು ಬದಲಾಯಿಸಿಲ್ಲ.

ಮೊದಲ ಪಂದ್ಯದ ದಿನ ನನ್ನ ಸೊಂಟದಲ್ಲಿದ್ದದ್ದು ಮೆತ್ತನೆಯ ನೈಲಾನ್ ಹೋಲ್‌ಸ್ಟರ್, ಪ್ಯಾಂಟಿಗೆ ಹಾಕುವ ಮಾಮೂಲಿ ಬೆಲ್ಟ್. ಟೈಮರ್ ಬೀಪ್ ಅಂದಿತು. ಪಿಸ್ತೂಲು ಎಳೆದೆ. ಅದರ ಜೊತೆ ಹೋಲ್‌ಸ್ಟರೂ ಮೇಲೆದ್ದು ಬಂತು, ಬೆಲ್ಟ್ ಮಡಚಿಕೊಂಡಿತು. ಹೇಗೋ ಬಿಡಿಸಿಕೊಂಡು ಗುಂಡು ಹಾರಿಸಿ ಮುಗಿಸಿದೆ. ನಿಜವಾದ ಅಪಾಯ ಇದ್ದದ್ದು ಆಮೇಲೆ. ಪಿಸ್ತೂಲು ಖಾಲಿ ಮಾಡಿ ತೋರಿಸಿ ವಾಪಸ್ ಇಡಲು ಹೋದರೆ ಹೋಲ್‌ಸ್ಟರಿನ ಬಾಯಿ ಮುಚ್ಚಿಕೊಂಡಿದೆ. ಅದನ್ನು ತೆರೆಯಲು ಎಡಗೈ ತಂದೆ. ಸೇಫ್ಟಿ ಆಫೀಸರ್ ತಕ್ಷಣ “ನಿಲ್ಲಿ, ಎಡಗೈ ಆಚೆ ತೆಗೀರಿ” ಎಂದರು. ಇನ್ನೊಂದು ಕ್ಷಣ ತಡವಾಗಿದ್ದರೆ ನಳಿಗೆ ನನ್ನದೇ ಬೆರಳುಗಳ ಮೇಲೆ ಹಾದುಹೋಗುತ್ತಿತ್ತು. ಪಿಸ್ತೂಲು ಖಾಲಿಯಿದ್ದರೂ ಅದು ತಪ್ಪೇ. ಅವರು ಗದರಲಿಲ್ಲ. ಆ ಹೋಲ್‌ಸ್ಟರ್ ಇವತ್ತಿಗೆ ಬೇಡ ಎಂದರು, ಅಷ್ಟೆ. ನಮ್ಮ ಸ್ಕ್ವಾಡಿನಲ್ಲಿ (ಒಟ್ಟಿಗೆ ಆಡುವ ಗುಂಪಿನಲ್ಲಿ) ಗ್ಲಾಕ್ 19 ಇದ್ದ ಇನ್ನೊಬ್ಬರು ತಮ್ಮ ಬ್ಯಾಗಿನಿಂದ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್, ಗಟ್ಟಿ ಬೆಲ್ಟ್ ಎರಡನ್ನೂ ತೆಗೆದುಕೊಟ್ಟರು. ಪಂದ್ಯದ ಉಳಿದ ಸ್ಟೇಜ್‌ಗಳನ್ನು (ಸುತ್ತುಗಳನ್ನು) ಅದರಲ್ಲೇ ಮುಗಿಸಿದೆ.

ಅದಕ್ಕೇ ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ: ಮೊದಲು ಗಟ್ಟಿಯಾದ ಬೆಲ್ಟ್, ಆಮೇಲೆ ನಿಮ್ಮ ಪಿಸ್ತೂಲಿಗೇ ಅಚ್ಚು ಹಾಕಿದ ಹೋಲ್‌ಸ್ಟರ್. ಅದು ಟ್ರಿಗರ್ ಗಾರ್ಡನ್ನು (ಟ್ರಿಗರಿನ ಸುತ್ತಲಿನ ಬಳೆಯನ್ನು) ಪೂರ್ತಿ ಮುಚ್ಚಬೇಕು, ಪಿಸ್ತೂಲು ಹೊರಗಿದ್ದಾಗಲೂ ಬಾಯಿ ತೆರೆದೇ ಇರಬೇಕು, ಒಂದೇ ಕೈಯಲ್ಲಿ ವಾಪಸ್ ಇಡಲು ಬರಬೇಕು. ಗುಂಡು ಹೊಡೆಯುವ ಕೈಯ ಕಡೆ ಸೊಂಟದ ಮೇಲೆ ಕೂರಬೇಕು. ಗುಂಡು ತುಂಬುವ ಮ್ಯಾಗಜಿನ್ ಕನಿಷ್ಠ ಮೂರು ಬೇಕು, ಎರಡನ್ನು ಇಡುವ ಪೌಚ್ ಇನ್ನೊಂದು ಪಕ್ಕಕ್ಕೆ. ಕಣ್ಣಿಗೆ ಪಕ್ಕಗಳನ್ನೂ ಮುಚ್ಚುವ ಕನ್ನಡಕ, ಕಿವಿಗೆ ರಕ್ಷಣೆ, ತಲೆಗೆ ಟೋಪಿ. ಟೋಪಿ ಬಿಸಿಲಿಗೆ ಮಾತ್ರ ಅಲ್ಲ. ಹಾರಿ ಬರುವ ಖಾಲಿ ತೋಟೆ ಸುಡುವಷ್ಟು ಬಿಸಿ ಇರುತ್ತದೆ, ಅದು ಕನ್ನಡಕದ ಒಳಗೆ ಬೀಳದಂತೆ ತಡೆಯುವುದು ಟೋಪಿಯ ಅಂಚು.

ಮೇಲೆ ಮುಚ್ಚುವ ಬಟ್ಟೆಯದೇ ಒಂದು ಅಭ್ಯಾಸ. ಎರಡೂ ಕೈ ಅಗಲಕ್ಕೆ ಚಾಚಿ ನಿಂತಾಗ ಪಿಸ್ತೂಲಾಗಲಿ ಮ್ಯಾಗಜಿನ್ ಆಗಲಿ ಕಾಣಿಸಬಾರದು. ಮುಂದೆ ಗುಂಡಿ ಹಾಕದ ವೆಸ್ಟ್ ಇದಕ್ಕೆ ಸಲೀಸು. ನಾನು ಶುರುವಿನಲ್ಲಿ ತೆಳ್ಳನೆಯ ಅಂಗಿ ಹಾಕುತ್ತಿದ್ದೆ. ಬೆರಳುಗಳಿಂದ ಅಂಚನ್ನು ಹಿಂದಕ್ಕೆ ತಳ್ಳಿದರೆ ಅದು ಗಾಳಿಗೆ ಮರಳಿ ಬಂದು ಅಂಗೈಗೂ ಪಿಸ್ತೂಲಿನ ಹಿಡಿಗೂ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಹಿಡಿತ ಅಲ್ಲೇ ಕೆಟ್ಟಿತು, ಮೊದಲ ಗುಂಡು ಎಡಕ್ಕೆ. ವೆಸ್ಟಿನ ಬಲಜೇಬಿನಲ್ಲಿ ಸ್ವಲ್ಪ ಭಾರ ಇಟ್ಟ ಮೇಲೆ ಬಟ್ಟೆ ಬೀಸಿದ ಕಡೆಗೆ ಹೋಗಿ ಪಿಸ್ತೂಲು ಹೊರಬರುವವರೆಗೂ ಅಲ್ಲೇ ಉಳಿಯುತ್ತದೆ. ವಾಪಸ್ ಇಡುವಾಗ ಮಾತ್ರ ನಿಧಾನ. ಬಟ್ಟೆಯ ತುದಿ ಹೋಲ್‌ಸ್ಟರಿನೊಳಗೆ ಹೊಕ್ಕರೆ ಟ್ರಿಗರ್ ಒತ್ತಿಬಿಡಬಹುದು, ಹಾಗಾಗಿ ಕಣ್ಣಿಂದ ನೋಡಿಯೇ ಇಡುತ್ತೇನೆ. ಅಲ್ಲಿ ಟೈಮರ್ ಓಡುತ್ತಿರುವುದಿಲ್ಲ.

ಅಂಕದ ಲೆಕ್ಕ ಅರ್ಥವಾದ ದಿನ ನನ್ನ ಆಟ ಬದಲಾಯಿತು. ಇಲ್ಲಿ ಎಣಿಸುವುದು ಕಳೆದುಕೊಂಡ ಅಂಕ, ಕಡಿಮೆ ಸಮಯದವರು ಮುಂದೆ. ಗುರಿಯ ನಡುವಿನ ವೃತ್ತಕ್ಕೆ ಬಿದ್ದರೆ ಸೊನ್ನೆ, ಅದರ ಆಚೆಗೆ ಒಂದು, ಇನ್ನೂ ಆಚೆಗೆ ಮೂರು, ಪೂರ್ತಿ ತಪ್ಪಿದರೆ ಐದು. ಕಳೆದುಕೊಂಡ ಒಂದೊಂದು ಅಂಕಕ್ಕೂ ಒಂದೊಂದು ಸೆಕೆಂಡು ನಿಮ್ಮ ಸಮಯಕ್ಕೆ ಸೇರುತ್ತದೆ. ಒಂದು ಸ್ಟೇಜನ್ನು ನಾನು 14 ಸೆಕೆಂಡಿನಲ್ಲಿ ಮುಗಿಸಿ ಖುಷಿಯಾಗಿದ್ದೆ, ಆದರೆ 9 ಅಂಕ ಕಳೆದುಕೊಂಡಿದ್ದೆ. ನನ್ನ ಹಿಂದೆ ಬಂದ ಹಿರಿಯರು 18 ಸೆಕೆಂಡು ತೆಗೆದುಕೊಂಡರು, ಕಳೆದುಕೊಂಡದ್ದು ಒಂದೇ. ನನಗೆ 23, ಅವರಿಗೆ 19. ಮುಟ್ಟಬಾರದ ಗುರಿಗೆ ಗುಂಡು ತಗುಲಿದರೆ 5 ಸೆಕೆಂಡು, ವಿಧಾನ ತಪ್ಪಿದರೆ 3.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಡ್ರೈ ಫೈರ್ (ಗುಂಡಿಲ್ಲದ ಪಿಸ್ತೂಲಿನ ಅಭ್ಯಾಸ) ಮಾಡುತ್ತೇನೆ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ. ನಳಿಗೆಯ ಹಿಂದೆ ಗುಂಡು ಕೂರುವ ಚೇಂಬರ್ ಎರಡು ಸಲ ನೋಡಿ, ಬೆರಳು ಒಳಗೆ ಹಾಕಿಯೂ ಮುಟ್ಟಿ ನೋಡಿ ಶುರು. ಬಟ್ಟೆ ಸರಿಸುವುದು, ಹಿಡಿಯುವುದು, ಎಳೆಯುವುದು, ಮುಂದಿನ ಸೈಟ್ ಕಾಣುವುದು. ಮ್ಯಾಗಜಿನ್ ಬದಲಾಯಿಸುವಾಗ ಬೆರಳು ಟ್ರಿಗರ್ ಗಾರ್ಡಿನ ಹೊರಗೇ ಇರುವುದನ್ನು ರೂಢಿ ಮಾಡಿಕೊಂಡದ್ದೂ ಇಲ್ಲೇ.

ಆಡುವ ಮೊದಲು ಒಂದು ಪಂದ್ಯಕ್ಕೆ ಬರೀ ನೋಡಲು ಹೋಗಿ. ರೇಂಜ್ ‘ಕೋಲ್ಡ್’ ಅಂದರೆ ಏನೆಂದು ಅಲ್ಲಿ ಕಣ್ಣಾರೆ ತಿಳಿಯುತ್ತದೆ: ನಿಮ್ಮ ಸರದಿ ಬಂದು ಆಫೀಸರ್ ಹೇಳುವವರೆಗೆ ಯಾರ ಪಿಸ್ತೂಲಿನಲ್ಲೂ ಗುಂಡಿರುವುದಿಲ್ಲ, ಅದನ್ನು ಯಾರೂ ಮುಟ್ಟುವುದೂ ಇಲ್ಲ. ಹೊಸಬರು ಅಂತ ಮುಂಚೆಯೇ ಹೇಳಿ. ಸ್ಕ್ವಾಡಿನಲ್ಲಿ ನಿಮ್ಮನ್ನು ಕೊನೆಗೆ ಹಾಕುತ್ತಾರೆ, ಬೇರೆಯವರು ಆಡುವುದನ್ನು ನೋಡಿಕೊಳ್ಳಬಹುದು.

ಈಗ ನಾನು ತಿದ್ದಿಕೊಳ್ಳುತ್ತಿರುವುದು 5x5 ಕ್ಲಾಸಿಫೈಯರನ್ನು, ಅಂದರೆ ಆಟಗಾರರ ದರ್ಜೆ ನಿರ್ಧರಿಸುವ ಪರೀಕ್ಷೆಯನ್ನು. 10 ಗಜ ದೂರ, ಒಂದೇ ಗುರಿ, ಒಟ್ಟು 25 ಗುಂಡು. ಅದರಲ್ಲಿ ಬಲಗೈಯೊಂದರಲ್ಲೇ ಹೊಡೆಯುವ ಐದು ಗುಂಡುಗಳಲ್ಲಿ ನಾಲ್ಕನೆಯದು ಇನ್ನೂ ವೃತ್ತದಿಂದ ಹೊರಗೆ, ಎಡಕ್ಕೆ ಕೆಳಗೆ ಬೀಳುತ್ತಿದೆ.